ನೀರೊಳಗಿನ ಹೊತ್ತು

ಪಕ್ಕದ ಮನೆಯ ಮಾವನ ಬೆರಳ ತುದಿಗಳು ಒಣಗಿರುವಾಗಲೂ ಈಗಷ್ಟೇ ನೀರಿನಿಂದ ತೆಗೆದಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹೀಗೆಂದು ಬರೆದು ಒಂದು ಗಳಿಗೆ ನಿಂತೆ. ನಿಜವಾಗಿ ಹಾಗಿದ್ದವೇ, ಅಥವಾ ಅವರ ಕೆಲಸ ಗೊತ್ತಿದ್ದ ನನ್ನ ಕಣ್ಣು ಹಾಗೆ ನೋಡಿತೇ? ಅತ್ತೆಯನ್ನು ಕೇಳಿದರೆ, "ಕೈ ಎಲ್ರಂಗೇ ಇತ್ತು ಕಣವ್ವ, ಗ್ರೀಸು ಮೆತ್ಕಂಡು ಕಪ್ಪಗೆ," ಎನ್ನುತ್ತಾರೆ. ಅತ್ತೆ ಅಂದರೆ ಮಾವನ ಹೆಂಡತಿ. ರಕ್ತಸಂಬಂಧವೇನಿಲ್ಲ, ಮದ್ದೂರಿನ ನಮ್ಮ ಬೀದಿಯಲ್ಲಿ ನಾನು ಇಬ್ಬರನ್ನೂ ಹಾಗೆ ಕರೆದೇ ಬೆಳೆದವಳು.

ಮಾವ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ತೆರೆದ ಬಾವಿಯ ತಳದವರೆಗೆ ಮುಳುಗಿ, ಪೈಪಿನ ಬುಡದ ವಾಲ್ವು ಬಿಚ್ಚಿಕೊಂಡು ಬರುವಷ್ಟು ಉಸಿರು ಅವರಿಗಿತ್ತು. ಹಾಗಾಗಿ ಸುತ್ತಮುತ್ತ ನಾಲೆಯಲ್ಲೋ ಹೊಳೆಯಲ್ಲೋ ಯಾರಾದರೂ ಮುಳುಗಿದರೆ ಜನ ಮೊದಲು ಅವರನ್ನೇ ಕರೆಯುತ್ತಿದ್ದರು. ಅಂಥ ಕೆಲಸ ಮುಗಿಸಿದ ದಿನ ಮಾವ ಹಿತ್ತಲ ಕಡೆಯಿಂದ ಬರುತ್ತಿದ್ದರು. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ತಲೆಗೆ ಬಿಸಿನೀರು ಹುಯ್ದು ಮುಗಿಸುವವರೆಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ಮಾವನೇ, "ಕಾಪಿ ಕೊಟ್ಟೀಯೋ, ಇಲ್ಲ ನನ್ನೂ ಇಂಡಿ ಒಣಗಾಕ್ತೀಯೋ?" ಎನ್ನುವರು. ಗೋಡೆಯ ಈಚೆ ಆ ಮಾತು ಕೇಳಿಸಿದರೆ ನಮಗೂ ಹಗುರವಾಗುತ್ತಿತ್ತು.

ವೈದ್ಯನಾಥಪುರದ ಹತ್ತಿರ ಒಬ್ಬ ಯುವಕ ಟ್ರ್ಯಾಕ್ಟರ್ ತೊಳೆಯಲು ಶಿಂಷಾ ಹೊಳೆಗಿಳಿದು ಜಾರಿದ ದಿನ ಆ ಮಾತು ಕೇಳಿಸಲಿಲ್ಲ. ಮಾವ ಪಕ್ಕದ ಗದ್ದೆಯಲ್ಲೇ ಮೋಟಾರು ಬಿಚ್ಚುತ್ತಿದ್ದರಂತೆ. ಕೂಗು ಕೇಳಿ ಓಡಿಹೋಗಿ ಧುಮುಕಿದ್ದರು. ಸಿಗಲಿಲ್ಲ. ಮರುದಿನ ಹೆಣ ಎಷ್ಟೋ ಕೆಳಗೆ ತಾನಾಗಿ ತೇಲಿತು. ಬರಿಗೈಯಲ್ಲಿ ಮೇಲೆ ಬಂದ ಮಾವನಿಗೆ ದಡದಲ್ಲಿ ನಿಂತಿದ್ದ ಆ ಯುವಕನ ಹೆಂಡತಿ ಒಂದೇ ಮಾತು ಹೇಳಿದ್ದಳಂತೆ: "ನಿನ್ ಉಸ್ರು ನೀನ್ ಉಳಿಸ್ಕಂಡೆ ಕಣಪ್ಪ."

"ಒಳ್ಗೆ ಸ್ಯಾನೆ ಒತ್ತು ಇದ್ದೆ ಅಂತ್ಲೇ ಅಂದ್ಕಂಡಿದ್ದೆ, ಮೇಷ್ಟ್ರಮ್ಮ," ಎಂದು ಮಾವ ನನಗೆ ಹೇಳಿದ್ದರು. ನಾನು ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದಾಗಿನಿಂದ ಅವರಿಗೆ ಮೇಷ್ಟ್ರಮ್ಮನಾಗಿದ್ದೆ. "ಅವ್ಳು ಬಿರ್ನೆ ಬಂದ್ಬುಟ್ಟೆ ಅಂತಾಳೆ. ಯಾರ್ದು ದಿಟ? ನೀರೊಳ್ಗೆ ಒತ್ತು ಸುಳ್ಳು ಯೋಳ್ತದೆ ಕಣಮ್ಮ."

ಅದಾದ ಮೇಲೆಯೇ ಅವರು ಮೈಸೂರಿನ ಹಳೆ ಸಾಮಾನಿನ ಅಂಗಡಿಯಿಂದ ಆ ಗಡಿಯಾರ ತಂದದ್ದು. ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವಂಥದ್ದು. ಸೆಲ್ ಇಲ್ಲ, ಕೈ ಆಡಿದರೆ ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು ಓಡುತ್ತದೆ. ಗಾಜಿನ ತುಂಬ ಗೀರು. ಗಾಜಿನ ಸುತ್ತ ಒಂದು ಉಂಗುರ. ಮುಳುಗುವ ಮುಂಚೆ ಉಂಗುರದ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ತಿರುಗಿಸಿಟ್ಟರೆ, ಎಷ್ಟು ಹೊತ್ತು ಒಳಗಿದ್ದೆವೆಂದು ಮೇಲೆ ಬಂದ ಮೇಲೆ ತಿಳಿಯುತ್ತದೆ. ಆದರೆ ಆ ಉಂಗುರ ಕೊಳೆ ಕಚ್ಚಿಕೊಂಡು ಅಲುಗುತ್ತಿರಲಿಲ್ಲ.

"ರಿಪೇರಿಗೆ ಕೊಡಿ ಮಾವ," ಎಂದೆ.

"ನೀರೊಳ್ಗೆ ಇದ್ನ ನಂಬ್ಬೇಕಾದೋನು ನಾನು. ನಾನೇ ಬಿಚ್ಚಿ ನೋಡಿರ್ಬೇಕು."

ಭಾನುವಾರಗಳಲ್ಲಿ ಅವರ ಜಗಲಿಯ ಮೇಲೆ ಕೆಲಸ ನಡೆಯಿತು. ನಾನು ಫೋನಿನಲ್ಲಿ ವಿಡಿಯೊ ನೋಡಿ ಹೇಳುವುದು, ಅವರು ಮಾಡುವುದು. ಹಿಂಬದಿಯ ಮುಚ್ಚಳವನ್ನು ರಬ್ಬರ್ ಚೆಂಡು ಒತ್ತಿ ತಿರುಗಿಸಿದರು. ಉಂಗುರದ ಸಂದಿಯ ಕೊಳೆಯನ್ನು ಜಾಲಿಮುಳ್ಳಿನಿಂದ ಕೆದಕಿದರು. ಗಾಜಿಗೆ ಹಲ್ಲಿನ ಪೇಸ್ಟು ಹಚ್ಚಿ ಗಂಟೆಗಟ್ಟಲೆ ಉಜ್ಜಿದರು.

"ನನ್ ಮೂಗ್‌ಬಟ್ಟು ಪಾಲಿಸ್ ಮಾಡ್ಸು ಅಂದ್ರೆ ಒತ್ತಿಲ್ಲ," ಎಂದು ಅತ್ತೆ ಹೊಸಿಲ ಮೇಲಿಂದ ಮೂದಲಿಸಿದರು. "ಯಾವನೋ ಸತ್ತೋನ್ ಗಡಿಯಾರಕ್ಕೆ ಪೇಸ್ಟ್ ಬಳೀತಾ ಕುಂತವ್ರೆ!"

"ಬದ್ಕಿರೋನ ಕೈಗ್ ಬತ್ತಲ್ಲ, ಬುಡು," ಎಂದರು ಮಾವ, ತಲೆಯೆತ್ತದೆ.

ಮುಚ್ಚಳದ ಕೆಳಗೆ ನೀರು ತಡೆಯುವ ಕಪ್ಪು ರಬ್ಬರ್ ಬಳೆಯಿತ್ತು. ಅದಕ್ಕೆ ಸಿಲಿಕೋನ್ ಗ್ರೀಸನ್ನೇ ಸವರಬೇಕೆಂದು ವಿಡಿಯೊದವನು ಹೇಳಿದ. ತರಿಸೋಣವೆಂದೆ. ಮಾವ ಪಂಪ್‌ಸೆಟ್ಟಿನ ಗ್ರೀಸ್ ಡಬ್ಬಿ ಎಳೆದುಕೊಂಡರು. "ವರ್ಸಾನ್‌ಗಟ್ಲೆ ನೀರ್ನಾಗಿರೋ ಮೋಟ್ರನ್ನೇ ಕಾಯ್ತದೆ. ಈ ಬಿಲ್ಲೆ ಯಾವ ಲೆಕ್ಕ?" ಬಕೀಟಿನಲ್ಲಿ ಮುಳುಗಿಸಿ ನೋಡಿದೆವು. ಗಾಜು ಮಂಜಾಗಲಿಲ್ಲ. ಅತ್ತೆಯೂ ಬಗ್ಗಿ ನೋಡಿ, "ಪರ್ವಾಗಿಲ್ವೆ," ಎಂದರು.

ಹೊಳೆಯ ನೀರು ಇಳಿಯಲೆಂದು ಕೆಲವು ವಾರ ಕಾದು, ಅದೇ ಜಾಗಕ್ಕೆ ಹೋದೆವು. ಮಾವ ಸೊಂಟದುದ್ದ ನೀರಿನಲ್ಲಿ ನಿಂತು ಉಂಗುರ ತಿರುಗಿಸಿದರು. ನಾನು ಹೊತ್ತು ನೋಡಲು ಫೋನು ತೆಗೆದದ್ದು ಕಂಡು, "ನೀನ್ ನೋಡ್ಬ್ಯಾಡ. ಎರಡ್ ಸಾಕ್ಸಿ ಆದ್ರೆ ಮತ್ತೆ ಜಗ್ಳ," ಎಂದರು. ಮುಳುಗಿದರು. ನೀರು ಮುಚ್ಚಿಕೊಂಡಿತು, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ. ಬಹಳ ಹೊತ್ತಾಯಿತೆಂದು ನನ್ನ ನೆನಪು. ಹೆದರಿದವರ ನೆನಪಿನಲ್ಲಿ ಎಲ್ಲವೂ ಬಹಳ ಹೊತ್ತೇ.

ಮೇಲೆ ಬಂದವರು ಏದುತ್ತಲೇ ಕೈ ಎತ್ತಿ ನೋಡಿಕೊಂಡರು. ಗಾಜಿನೊಳಗೆ ಹೊಳೆಯ ನೀರು ಅಲುಗಾಡುತ್ತಿತ್ತು. ಮುಳ್ಳುಗಳು ನಿಂತಿದ್ದವು. ಮುಳುಗಿದ ಕೂಡಲೇ ನಿಂತವೋ, ಕೊನೆಯಲ್ಲಿ ನಿಂತವೋ, ಹೇಳುವವರಿಲ್ಲ.

"ಇದ್ಕೂ ಉಸ್ರು ಕಟ್ತು ನೋಡು," ಎಂದು ನಕ್ಕರು. ಆ ನಗುವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮನೆಗೆ ತಂದು ಬಿಚ್ಚಿದರೆ ಬಳೆ ಬೆಂದ ಶಾವಿಗೆಯಂತೆ ಊದಿ ಮೆತ್ತಗಾಗಿತ್ತು. ಮೋಟಾರನ್ನು ಕಾಯುವ ಗ್ರೀಸು ಆ ರಬ್ಬರನ್ನು ತಿಂದುಹಾಕಿತ್ತು. ಗಡಿಯಾರವನ್ನು ಒಣಗಿಸಿ ಬೀರುವಿಗೆ ಸೇರಿಸಿದರು. ಅದರ ಮಾತು ಮತ್ತೆ ಎತ್ತಲಿಲ್ಲ. ಆದರೆ ಆಮೇಲೆ ಎಲ್ಲಿಗೆ ಕರೆದರೂ ಮಾವ ಒಳಗೆ ಎಷ್ಟು ಹೊತ್ತು ಇರುತ್ತಿದ್ದರೆಂದರೆ, ದಡದವರು ಅವರ ಹೆಸರು ಹಿಡಿದು ಕೂಗತೊಡಗುತ್ತಿದ್ದರಂತೆ.

ಕಳೆದ ವರ್ಷ ಎದೆಯ ಕಾಯಿಲೆ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದರು. ಅಷ್ಟು ಉಸಿರಿದ್ದವರು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದರು. ಒಂದು ಮಧ್ಯಾಹ್ನ ಮುಖದ ಮೇಲಿನ ಮಾಸ್ಕು ಸರಿಸಿ, "ಅವ್ಳು ಅಂದಿದ್ದು ದಿಟವಾ, ಮೇಷ್ಟ್ರಮ್ಮ?" ಎಂದು ಕೇಳಿದರು.

"ಅಲ್ಲ ಮಾವ."

"ನೀನ್ ಅಲ್ಲಿರ್ನಿಲ್ವಲ್ಲ."

ಆ ವಾರವೇ ಹೋದರು.

ಅತ್ತೆ ಗಡಿಯಾರವನ್ನು ನನ್ನ ಕೈಗಿಟ್ಟರು. ನಾನು ಸರಿಯಾದ ಬಳೆ, ಸರಿಯಾದ ಗ್ರೀಸು ತರಿಸಿದೆ. ತುಕ್ಕು ತೆಗೆದು, ಎಣ್ಣೆ ಬಿಟ್ಟು, ಮುಚ್ಚಳ ಹಾಕಿ, ಬಕೀಟಿನಲ್ಲಿಟ್ಟೆ. ಓಡಿತು. ಓಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಮುಳುಗಿದ ಯುವಕನ ಹೆಂಡತಿ ಮಳವಳ್ಳಿಯ ತವರಿಗೆ ಮರಳಿ, ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಾಳೆಂದು ಗೊತ್ತಿತ್ತು. ಹೋದೆ. ತಪ್ಪಲೆ ಉಜ್ಜುತ್ತಿದ್ದಳು. ಮಾವನ ಪಕ್ಕದ ಮನೆಯವಳೆಂದು ಹೇಳಿ, ಆ ಮಾತಿನ ಬಗ್ಗೆ ಕೇಳಿದೆ.

"ನಾನಾ?" ಅವಳ ಕೈ ನಿಂತಿತು. "ನಾನೆಲ್ಲಿ ಅಂದೆ ಅಕ್ಕ? ಅವತ್ತು ನಂಗೆ ನಾಲ್ಗೇನೇ ಏಳ್ನಿಲ್ಲ. ಆವಯ್ಯ ಮುಳುಗ್ತಾನೆ, ಏಳ್ತಾನೆ, ಮತ್ತೆ ಮುಳುಗ್ತಾನೆ. ಇವ್ನೂ ಓಯ್ತಾನೆ ಅಂತ ಜನ ತೋಳಿಡ್ದು ಎಳ್ಕಂಡ್ರು. ಅಷ್ಟೇ ನಂಗೆ ಗ್ಯಾನ." ತಪ್ಪಲೆ ಬದಿಗಿಟ್ಟು ಕೇಳಿದಳು: "ಚೆನ್ನಾಗವ್ರಾ ಅವ್ರು?"

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಅವಳು ಮರೆತಿರಬಹುದು. ಬೇರೆ ಯಾರೋ ಅಂದಿರಬಹುದು. ಯಾರೂ ಅನ್ನದೆಯೇ, ಕಿವಿಯಲ್ಲಿ ನೀರು ತುಂಬಿದ್ದ ಮಾವನಿಗೆ ಹಾಗೆ ಕೇಳಿಸಿರಬಹುದು. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ.

ಗಡಿಯಾರ ಈಗ ನನ್ನ ಕೈಯಲ್ಲಿದೆ. ಎಲ್ಲವನ್ನೂ ತೊಳೆದೆ, ಉಂಗುರವನ್ನು ಮಾತ್ರ ತಿರುಗಿಸಲಿಲ್ಲ. ಹೊಳೆಯಲ್ಲಿ ಮಾವ ಇಟ್ಟ ಜಾಗ ಅದೇ ಎಂದುಕೊಂಡಿದ್ದೇನೆ. ಬೀರುವಿನ ಬಟ್ಟೆಗೆ ಸಿಕ್ಕಿ ಸರಿದಿದ್ದರೂ ಸರಿದಿರಬಹುದು. ಗಂಟೆಗೊಮ್ಮೆ ನಿಮಿಷದ ಮುಳ್ಳು ಆ ಗುರುತನ್ನು ದಾಟುತ್ತದೆ. ಪಾಠದ ನಡುವೆ ಅದು ಕಣ್ಣಿಗೆ ಬಿದ್ದರೆ ಮಾತು ನಿಲ್ಲುತ್ತದೆ. ಮಕ್ಕಳು ತಲೆಯೆತ್ತಿ ನೋಡುತ್ತಾರೆ. ನಾನು ಉಸಿರು ಹಿಡಿದು ನಿಂತಿರುತ್ತೇನೆ, ಮಾವ ಮೇಲೆ ಬರುವವರೆಗೆ.