ಹುಸೇನಪ್ಪನ ಕೊನೆಯ ಸುತ್ತು

ಸಿಂಧನೂರು ಬಸ್ ನಿಲ್ದಾಣದ ಹೊರಗೆ ಇಷ್ಟುದ್ದ ಆಟೊ ಸಾಲುಗಳಿದ್ದರೂ ಒಂದೂ ಹೊರಡುವಂತಿರಲಿಲ್ಲ. ಆಟೊ ಸಂಘದ ಅಧ್ಯಕ್ಷರ ಆಯ್ಕೆ ನಡೆದಿತ್ತು. ಇಲ್ಲಿ ಚೀಟಿ ಹಾಕುವುದಿಲ್ಲ. ಮೆಚ್ಚಿದ ಅಭ್ಯರ್ಥಿಯ ಆಟೊ ಹಿಂದೆ ತಮ್ಮ ಆಟೊ ತಂದು ನಿಲ್ಲಿಸುತ್ತಾರೆ. ಎಲ್ಲಕ್ಕಿಂತ ಗಿಡ್ಡ ಸಾಲಿನವನು ಕಣದಿಂದ ಹೊರಗೆ. ಅವನ ಕಡೆಯವರು ಉಳಿದ ಸಾಲುಗಳಿಗೆ ಸರಿದ ಮೇಲೆ ಮತ್ತೊಂದು ಸುತ್ತು.

ಮೂವರು ಅಭ್ಯರ್ಥಿಗಳಲ್ಲಿ ಮೊದಲು ಸೋತವನು ಹುಸೇನಪ್ಪ. ಮುಕ್ಕುಂದಕ್ಕೆ ಹೋಗಲೆಂದು ನಾನು ಹತ್ತಿ ಕೂತದ್ದೂ ಅವನ ಆಟೊವನ್ನೇ. ಅವನ ಹಿಂದಿದ್ದವರೆಲ್ಲ ಅತ್ತ ಇತ್ತ ಸರಿದ ಮೇಲೆ ನೋಡಿದರೆ, ಎರಡೂ ಸಾಲು ಸಮ! ಇನ್ನು ಉಳಿದದ್ದು ಹುಸೇನಪ್ಪನ ಆಟೊ ಒಂದೇ.

ಇಬ್ಬರು ಅಭ್ಯರ್ಥಿಗಳೂ ಓಡಿ ಬಂದರು. "ಅಣ್ಣಾ, ನನ್ನ ಹಿಂದ ಹಚ್ಚೋ!"

"ಮೊದಲ ಅಕ್ಕಾರನ್ನ ಮುಕ್ಕುಂದಕ್ಕ ಬಿಟ್ಟು ಬರ್ತೀನಿ," ಎಂದು ಹುಸೇನಪ್ಪ ಆಟೊ ಚಾಲೂ ಮಾಡಿದ. ಅವರಿಬ್ಬರೂ ಅವನ ಎಡಕ್ಕೊಬ್ಬ ಬಲಕ್ಕೊಬ್ಬ ತುರುಕಿಕೊಂಡು ಕೂತರು. ಕಾಲುವೆ ದಾಟಿದರೂ ಇಬ್ಬರ ಮಾತು ನಿಲ್ಲಲಿಲ್ಲ. ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು.

"ಸ್ವಲ್ಪ ಜೋರು ಹೊಡೀರಿ," ಎಂದೆ.

"ಸಾವಕಾಶ ಹೋಗೂಣ್ರಿ ಅಕ್ಕಾರ," ಹುಸೇನಪ್ಪ ನಕ್ಕ. "ತಿರುಗಿ ಸ್ಟ್ಯಾಂಡ್ ಮುಟ್ಟೋತನಕ ಅಧ್ಯಕ್ಷ ನಾನ ಅದೀನ್ರಿ."