ತಿರುಗಿ ಹೋದ ಸೊಸೆಯ ಉಡಿ

ನಾನು ಓದುವಾಗ ಶಾಲೆಯ ಟೀಚರು ಹೇಳಿದ್ದ ಯೆಹೂದ್ಯರ ಹಳೆಯ ಕತೆಯೊಂದನ್ನು ಅತ್ತೆಯ ಮುಂದೆ ಹೇಳಿದ್ದೇ ನನ್ನ ತಪ್ಪು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಅತ್ತೆಯೊಬ್ಬಳು ಪರನಾಡಿನಿಂದ ತನ್ನೂರಿಗೆ ಹೊರಡುತ್ತಾಳೆ. ಸೊಸೆಯರಿಬ್ಬರೂ ಅರ್ಧ ದಾರಿಯವರೆಗೆ ಬರುತ್ತಾರೆ. ಒಬ್ಬಳು ಅತ್ತು, ಮುದ್ದಿಟ್ಟು, ತವರಿಗೆ ತಿರುಗುತ್ತಾಳೆ. ಇನ್ನೊಬ್ಬಳು ಎಷ್ಟು ಹೇಳಿದರೂ ಸೆರಗು ಬಿಡುವುದಿಲ್ಲ. ಇಷ್ಟು ಹೇಳಿ, ಈಗಲಾದರೂ ಅತ್ತೆ ನನ್ನ ಮುಖ ನೋಡಿಯಾರು ಎಂದು ಕಾದೆ. ಸೋಲಾಪುರದ ಈ ಮನೆಯಲ್ಲಿ ಹದಿನೆಂಟು ವರ್ಷದಿಂದ ಅವರ ಸೆರಗು ಬಿಡದವಳು ನಾನೇ ತಾನೆ?

"ಆ ಹೋದಾಕಿ ಮುಂದ ಏನಾದ್ಲವ್ವಾ, ಬಿಚಾರಿ?" ಎಂದರು.

ಅವರ ಕಣ್ಣ ಮುಂದೆ ಬಂದವಳು ನನ್ನ ನೆಗೆಣ್ಣಿ. ಮೈದುನ ಪುಣೆಯಲ್ಲಿ ಬೇರೆ ಅಂಗಡಿ ಹಾಕಿದಾಗ ಅವಳೂ ಹೋದಳು. ವರ್ಷಕ್ಕೆರಡು ಸಲ ಬಂದು, ಅತ್ತೆಯ ಕಾಲೊತ್ತುತ್ತ ಫೋಟೋ ತೆಗೆಸಿಕೊಂಡು ಹೋಗುತ್ತಾಳೆ. ಗುರುವಾರಕ್ಕೊಮ್ಮೆ ಅತ್ತೆಯನ್ನು ಬಸ್ಸಿನಲ್ಲಿ ಅಕ್ಕಲಕೋಟೆಯ ಗುಡಿಗೆ ಕರೆದೊಯ್ಯುವವಳು ನಾನು. ಪ್ರಸಾದ ಮಾತ್ರ ಪುಣೆಗೆ ಕೊರಿಯರ್.

ಅದಕ್ಕಿಂತ ಹೊಟ್ಟೆ ಉರಿಸುವುದು ಉಡಿಯ ವಿಷಯ. ಮನೆಯಿಂದ ಹೊರಟ ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬದೆ ನಮ್ಮಲ್ಲಿ ಕಳಿಸುವುದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಆ ಕೆಲಸಕ್ಕೆ ಕೈ ಹಚ್ಚುವುದನ್ನೇ ಬಿಟ್ಟರು. ಗಂಡನಿಲ್ಲದವಳ ಕೈ ಕೆಟ್ಟದ್ದು ಎಂಬುದು ಅವರ ನಂಬಿಕೆ. ಹೀಗಾಗಿ ನೆಗೆಣ್ಣಿಯ ಉಡಿಯನ್ನು ನಾನೇ ತುಂಬಬೇಕು. "ಕೊಬ್ಬರಿ ದೊಡ್ಡದು ಹಾಕು, ಛಲೋ ಖಣ ತಗಿ" ಎಂದು ಅತ್ತೆ ದೂರ ನಿಂತು ಹುಕುಂ ಮಾಡುತ್ತಾರೆ. ನಾನು ತವರಿಗೆ ಹೊರಟರೆ ಮನೆಯಲ್ಲಿ ತುಂಬುವವರೇ ಇಲ್ಲ. ಬರಿಸೆರಗಿನಲ್ಲೇ ಎಷ್ಟು ಸಲ ತವರೂರು ವಾಗದರಿಗೆ ಹೋಗಿ ಬಂದಿದ್ದೇನೋ.

ಹೋದವಳ ಬಗ್ಗೆ ಅತ್ತೆ ಮರುಗಿದ ದಿನ ನನ್ನ ತಾಳ್ಮೆ ಮುಗಿಯಿತು. ಮರುದಿನ ಬೆಳಿಗ್ಗೆಯೇ ಚೀಲ ತುಂಬಿಕೊಂಡು ನಿಂತೆ.

"ನಾನೂ ಹೋದಾಕಿನ ಆಗ್ತೀನ್ರಿ ಅತ್ಯಾ. ಆವಾಗರ ನನ್ನ ಸುದ್ದಿ ಕೇಳ್ತೀರಿ."

"ಹುಚ್ಚಿ, ನಾಕ ದಿನಕ್ಕ ತಿರುಗಿ ಬರ್ತಿ ಹೌದಲ್ಲ?"

"ಉಡಿ ತುಂಬ್ರಿ, ಬರ್ತೀನಿ. ನೀವ ತುಂಬಬೇಕು. ಇಲ್ಲಂದ್ರ ಇಲ್ಲ."

"ನನ್ನ ಕೈಲೆ ಬ್ಯಾಡ ನನ್ನವ್ವಾ. ಬಾಜೂ ಮನಿಯಾಕಿನ್ನ ಕರೀತೀನಿ, ತಡಿ."

ನಾನು ಸೆರಗೊಡ್ಡಿ ಹಾಗೇ ನಿಂತೆ. ಅತ್ತೆ ಬೈದರು, ಅತ್ತರು, ಕೊನೆಗೆ ಬೀದಿಬಾಗಿಲು ಹಾಕಿ ಬಂದು ಅಕ್ಕಿಯ ಡಬ್ಬಿ ತೆಗೆದರು. ಮೊದಲ ಹಿಡಿ ಅರ್ಧ ನೆಲಕ್ಕೆ ಬಿತ್ತು.

"ನನ್ನ ಕೈ ಹತ್ತಿ ನಿನ್ನ ಗಂಡಗ ಏನರ ಆದ್ರ, ನಾ ಏನ ಮಾಡ್ಲಿ?" ಎಂದರು.

ಇಷ್ಟು ವರ್ಷ ಅವರು ಹೆದರಿದ್ದು ನನ್ನ ಕುಂಕುಮಕ್ಕೆ ಕುತ್ತು ಬಂದೀತೆಂದು. ನನಗೆ ನಾಚಿಕೆಯಾಯಿತು. ಆದರೂ ಐದು ಹಿಡಿ ತುಂಬುವವರೆಗೆ ಸೆರಗು ಸರಿಸಲಿಲ್ಲ.

ಬಸ್ಸು ಹತ್ತಿದ್ದೇ ತಡ, ಇಂಥದ್ದನ್ನೆಲ್ಲ ನಂಬದ ನಾನು ಗಂಡನಿಗೆ ಫೋನ್ ಹಚ್ಚಿದೆ. ಅಂಗಡಿಯಲ್ಲಿದ್ದ. ಅಕ್ಕಲಕೋಟೆ ಬರುವುದರೊಳಗೆ ಇನ್ನೆರಡು ಸಲ ಹಚ್ಚಿ ಬೈಸಿಕೊಂಡೆ. ಆಮೇಲೆ ಅತ್ತೆಗೆ ಹಚ್ಚಿ, "ಅವರು ಆರಾಮ ಇದ್ದಾರ್ರಿ" ಎಂದೆ.

"ಗೊತ್ತದವ್ವಾ," ಎಂದರು. "ನಾನೂ ಈಗ ನಾಕ ಸಲ ಹಚ್ಚಿ ಕೇಳೀನಿ."