ಉಳಿದ ಸ್ಪ್ರಿಂಗು

ಅಫಜಲಪುರದ ನಮ್ಮ ಪಂಪಿನ ಮೇಸ್ತ್ರಿ ಏನೇ ಬಿಚ್ಚಿ ಜೋಡಿಸಿದರೂ ಕೊನೆಗೊಂದು ಸಾಮಾನು ಉಳಿಯುತ್ತಿತ್ತು. “ಕಂಪನಿಯವ್ರು ಹೆಚ್ಚಿಗಿ ಕೊಟ್ಟಾರ್ರಿ” ಎಂದು ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಕರಜಗಿಯ ಗೌಡರ ಕಬ್ಬಿಗೆ ಕಾಡುಹಂದಿ ಬಿದ್ದವು. ಗೌಡರು ಲೈಸೆನ್ಸು ಮಾಡಿಸಿ, ತಂತಾನೇ ಗುಂಡು ಏರಿಸಿಕೊಳ್ಳುವ ಬೇಟೆ ರೈಫಲ್ಲನ್ನು ಬಿಡಿಬಿಡಿಯಾಗಿ ತರಿಸಿದರು. ಜೋಡಿಸಿದವನು ಇವನೇ. ಗೋಣಿತಟ್ಟಿನ ಮೇಲೆ ಒಂದು ಸ್ಪ್ರಿಂಗು ಉಳಿಯಿತು.

“ಹೆಚ್ಚಿಗಿ ಕೊಟ್ಟಾರ್ರಿ, ಗೌಡ್ರ.”

“ಹಂಗಾದ್ರ ಮೊದಲ್ನೇ ಗುಂಡು ನೀನೇ ಹೊಡಿಯಲೇ,” ಅಂದರು ಗೌಡರು.

ಮೇಸ್ತ್ರಿ ಬಂದೂಕನ್ನು ಕೆನ್ನೆಗೆ ಹಚ್ಚಿದ, ಕಣ್ಣು ಮುಚ್ಚಿದ, ಮೆಲ್ಲಗೆ ಕೆಳಗಿಳಿಸಿದ. “ಒಂದ್ ಚಾ ತರಸ್ರಿ” ಎಂದು ಕೂತು ಎಲ್ಲವನ್ನೂ ಮತ್ತೆ ಬಿಚ್ಚಿದ. ಸಂಜೆಗೆ ಗೋಣಿತಟ್ಟಿನ ಮೇಲೆ ಏನೂ ಉಳಿದಿರಲಿಲ್ಲ.

ಅಂದಿನಿಂದ ನನ್ನ ಪಂಪು ರಿಪೇರಿಯಾದಾಗಲೆಲ್ಲ ಮೊದಲು ಕರೆಂಟಿನ ಬಟನ್ ಅವನಿಂದಲೇ ಒತ್ತಿಸುತ್ತಿದ್ದೆ. ನೀವೂ ಒತ್ತಿಸಿ, ಚಪ್ಪಲಿ ಬಿಡಿಸಿ ಒತ್ತಿಸಿ.